ನಷ್ಟದ ಪಾಲುದಾರ

ಮಾರ್ಚ್ ೬

ಸ್ವಸ್ಥ ಚಿತ್ತದಿಂದ, ಯಾರ ಬಲವಂತವೂ ಇಲ್ಲದೆ, ಕೆಳಗೆ ಸಹಿ ಮಾಡಲಾಗದ ನಾನು ಈ ಮೂಲಕ ಒಪ್ಪಿಕೊಳ್ಳುವುದೇನೆಂದರೆ, ಈ ಪೆನ್ನನ್ನು ಕದ್ದದ್ದು ನಾನೇ.

ಆಸ್ಪತ್ರೆಯಲ್ಲಿ ಬಿಲ್ ಕಟ್ಟುವ ಕಿಟಕಿಯ ಬಳಿ ಅದನ್ನು ದಾರದಿಂದ ಕಟ್ಟಿಟ್ಟಿದ್ದರು. ಕಟ್ಟಿದವರು ಗಂಟು ಹಾಕುವುದನ್ನು ಎಲ್ಲಿ ಕಲಿತರೋ ಕಾಣೆ. ಅರ್ಧ ಆಯುಷ್ಯ ಬಲೆ ಕಟ್ಟಿದವನ ಕಣ್ಣೆದುರು ಅಂಥ ಗಂಟನ್ನು ಇಡುವುದೇ ಒಂದು ಪ್ರಚೋದನೆ. ಹೆಂಡತಿ ಔಷಧಿ ಚೀಟಿ ಹಿಡಿದು ಅತ್ತ ತಿರುಗಿದ್ದಾಗ ಎಡಗೈಯಿಂದ ಒಮ್ಮೆ ಎಳೆದೆ. ಬಿಚ್ಚಿಕೊಂಡಿತು. ಹೀಗೆ ನನ್ನ ಎಡಗೈಯ ಸ್ವತಂತ್ರ ಜೀವನದ ಮೊದಲ ಸಾಧನೆ ಕಳ್ಳತನ. ಕೈಚಳಕ ಅಂದರೆ ಇದೇ ಇರಬೇಕು.

ಪೆನ್ನು ಬೇಕಾದದ್ದಕ್ಕೆ ಕಾರಣ ಕೈಗೆ ವ್ಯಾಯಾಮ ಮಾಡಿಸುವಾಕೆ. "ದಿನಾ ನಾಲ್ಕು ಸಾಲು ಎಡಗೈಲಿ ಬರೀರಿ. ಏನು ಬೇಕಾದ್ರೂ ಬರೀರಿ, ಯಾರೂ ಓದಲ್ಲ" ಅಂದಳು. ಕಾಲೇಜಿನಲ್ಲಿ ನಮ್ಮ ಮೇಷ್ಟ್ರೂ ನನ್ನ ಕವನಗಳ ಬಗ್ಗೆ ಇದನ್ನೇ ಹೇಳಿದ್ದರು.

ಬಲಗೈಯ ವರದಿ: ಹೆಬ್ಬೆರಳು ಹಾಜರು, ಕಿರುಬೆರಳು ಹಾಜರು. ನಡುವಿನ ಮೂವರು ಹಿಂದಿನ ತಿಂಗಳು ದೋಣಿಯ ವಿಂಚಿಗೆ, ಅಂದರೆ ಬಲೆಯ ಉಕ್ಕಿನ ಹಗ್ಗವನ್ನು ಸುತ್ತಿ ಮೇಲಕ್ಕೆಳೆಯುವ ಯಂತ್ರಕ್ಕೆ, ಸಿಕ್ಕಿ ಹೋದರು. ಉಳಿದಿಬ್ಬರ ದೆಸೆಯಿಂದ ಕೈ ಸದಾ ಯಾರಿಗೋ ಫೋನ್ ಮಾಡುವ ಭಂಗಿಯಲ್ಲಿರುತ್ತದೆ. ಮಗಳು ಮೊದಲ ದಿನ ನೋಡಿ ಅತ್ತಳು. ಮರುದಿನ ಕೈಯನ್ನು ಕಿವಿಗೆ ಹಿಡಿದು "ಹಲೋ" ಅಂದೆ. ನಕ್ಕಳು. ಆಮೇಲೆ ಮತ್ತೆ ಅತ್ತಳು.

ಸಾಕು. ಎಡಗೈ ನೋಯುತ್ತಿದೆ.

ಮಾರ್ಚ್ ೯

ನನ್ನ ಅಕ್ಷರ ನೋಡಿ ಮಗಳು, "ಅಪ್ಪಾ, ಇದು ಎಡಗೈ ಅಲ್ಲ, ಏಡಿಗೈ" ಅಂದಳು. ರಕ್ತದಲ್ಲೇ ಬಂದಿದೆ.

ಅಂಗಿಯ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ. ಹೆಂಡತಿ ಬೆಳಗಾಗುವ ಮೊದಲೇ ಮೀನು ಬೇರ್ಪಡಿಸುವ ಶೆಡ್ಡಿಗೆ ಹೋಗಿರುತ್ತಾಳೆ. ಹಾಗಾಗಿ ಆ ಕೆಲಸ ನಮ್ಮ ಜೊತೆಗೇ ಇರುವ ಅತ್ತೆಗೆ, ಅಂದರೆ ಹೆಂಡತಿಯ ತಾಯಿಗೆ, ಬಿದ್ದಿದೆ. ಅವರು ಕೆಳಗಿನಿಂದ ಮೇಲಕ್ಕೆ ಹಾಕುತ್ತಾ ಬರುತ್ತಾರೆ. ಕೊನೆಯದಕ್ಕೆ "ಕತ್ತೆತ್ತಿ" ಅನ್ನುತ್ತಾರೆ. ಎತ್ತುತ್ತೇನೆ. ಬಿರುಗಾಳಿಯಲ್ಲೂ ಗುಂಡಿಗೆ ಗಟ್ಟಿ ಇರುವವನು ಅನ್ನಿಸಿಕೊಂಡಿದ್ದವನಿಗೆ ಈಗ ಗುಂಡಿಗೆ ಅತ್ತೆಯೇ ಗತಿ.

ಹಾಕಿ ಮುಗಿಸಿ ಕಾಂಪೌಂಡಿನ ಬಳಿ ಹೋಗಿ ಪಕ್ಕದ ಮನೆಯಾಕೆಗೆ ಹೇಳುವುದು ಕೇಳಿಸಿತು. "ನಮಗೇನೂ ತೊಂದ್ರೆ ಇಲ್ಲಮ್ಮ. ಅಳಿಯಂದ್ರು ಮನೇಲಿ ಕೂತ್ರೂ ಅವರ ದೋಣಿ ಓಡ್ತಾನೇ ಇರತ್ತಲ್ಲ."

ಅವರ ದೋಣಿ. ಹೂಂ.

ಮಾರ್ಚ್ ೧೪

ದೋಣಿಯ ಧಣಿ ಬಂದಿದ್ದರು. ಸೇಬಿನ ಚೀಲ, ಹೊಸ ಚಪ್ಪಲಿ, ದುಃಖದ ಮುಖ. ಮೂರನ್ನೂ ಬರುವ ದಾರಿಯಲ್ಲೇ ಕೊಂಡ ಹಾಗಿತ್ತು.

"ಏನಯ್ಯಾ ಡಿಗ್ರಿ, ಹೇಗಿದ್ದೀಯ?" ದೋಣಿಯಲ್ಲಿ ನನ್ನ ಹೆಸರು ಡಿಗ್ರಿ. ಬಿ.ಎ. ಮಾಡಿ ಬಲೆ ಎಳೆಯುವವನು ಇಡೀ ಬಂದರಿಗೆ ನಾನೊಬ್ಬನೇ.

"ಇನ್ನೂ ಒಂದು ಕೈ ನೋಡೋಣ ಅಂತಿದ್ದೀನಿ ಧಣಿ" ಅಂದೆ. ಅವರಿಗೆ ಅರ್ಥವಾಗಲಿಲ್ಲ. ನನ್ನ ಒಳ್ಳೊಳ್ಳೆಯ ಮಾತುಗಳೆಲ್ಲ ಹೀಗೇ ನೀರುಪಾಲಾಗುತ್ತವೆ.

ಅತ್ತೆ ಟೀ ತಂದವರು ಅಲ್ಲೇ ಕುರ್ಚಿ ಎಳೆದು ಕೂತರು. "ನೀವಿಬ್ರೂ ಸೇರಿ ದೋಣಿ ಮಾಡಿದ್ದು ಒಳ್ಳೇದೇ ಆಯ್ತು ನೋಡಿ. ಒಬ್ರಿಗೆ ಹೀಗಾದ್ರೆ ಇನ್ನೊಬ್ರು ನೋಡ್ಕೋತಾರೆ."

ಧಣಿಯ ಕೈಯಲ್ಲಿದ್ದ ಬಿಸ್ಕತ್ತು ಮುರಿದು ಟೀಯೊಳಗೆ ಬಿತ್ತು. "ಇಬ್ರೂ ಸೇರಿ?"

"ಅರ್ಧ ದೋಣಿ ನಮ್ಮ ಅಳಿಯಂದ್ರದ್ದೇ ಅಲ್ವಾ? ಮದುವೆ ಮಾತಾಡೋಕೆ ಬಂದಾಗಲೇ ಹೇಳಿದ್ರು."

ನಾನು ಕೆಮ್ಮಿದೆ. ಧಣಿ ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು, ಚಮಚದಲ್ಲಿ ಬಿಸ್ಕತ್ತನ್ನು ಎತ್ತಿ ತಿಂದರು. ಆಮೇಲೆ, "ಹೌದಮ್ಮಾ, ನಮ್ಮ ಡಿಗ್ರಿ ನನ್ನ ಪಾಲುದಾರ" ಅಂದರು, ಒಂದೊಂದು ಅಕ್ಷರವನ್ನೂ ಸೇಬಿನ ಹಾಗೆ ಒರೆಸಿ ಒರೆಸಿ ಇಟ್ಟು. ಹೊರಡುವಾಗ ಮುಖದಲ್ಲಿ ದುಃಖ ಇರಲಿಲ್ಲ. ಬಿಟ್ಟು ಹೋದದ್ದು ಚೀಲ ಮಾತ್ರ.

ಮಾರ್ಚ್ ೧೫

ಪ್ರತಿವಾದಿಯ ಹೇಳಿಕೆ.

ನಮ್ಮ ಕಸುಬಿನಲ್ಲಿ ಸಂಬಳ ಅನ್ನುವುದಿಲ್ಲ. ದೋಣಿ ದಡಕ್ಕೆ ಬಂದು ಮೀನು ಮಾರಿದ ಮೇಲೆ ಡೀಸೆಲ್ಲು, ಮಂಜುಗಡ್ಡೆಯ ಖರ್ಚು ತೆಗೆದು, ಉಳಿದದ್ದರಲ್ಲಿ ದೊಡ್ಡ ಭಾಗ ದೋಣಿಯ ಒಡೆಯನಿಗೆ, ಮಿಕ್ಕಿದ್ದು ಕೆಲಸದವರಿಗೆಲ್ಲ ಪಾಲು. ಆದ್ದರಿಂದ ನಾವು ಕೂಲಿಯವರಲ್ಲ, ಪಾಲಿನವರು. ಯಾರಾದರೂ ಕೂಲಿ ಅಂದರೆ ನಮ್ಮವರು ತೋಳೇರಿಸಿ ನಿಲ್ಲುತ್ತಾರೆ. ಬಲೆ ಖಾಲಿ ಬಂದ ದಿನ ಹಸಿದ ಹೊಟ್ಟೆಯಲ್ಲೂ ತೋಳು ಏರುತ್ತದೆ.

ಇನ್ನು ಅರ್ಧ ದೋಣಿಯ ವಿಷಯ. ಹೆಣ್ಣು ನೋಡಲು ಹೋದ ದಿನ ನನ್ನ ಪಕ್ಕದಲ್ಲಿ ಮುಂದೆ ಷಡ್ಡಕನಾಗಲಿರುವವನೂ ಕೂತಿದ್ದ, ನಾದಿನಿಯನ್ನು ನೋಡಲು ಬಂದವನು. ಅವನಿಗೆ ಬೇಕರಿ ಇದೆ. ಬೋರ್ಡು, ಗಾಜಿನ ಕಪಾಟು, ಎಲ್ಲ ಇದೆ. ಅವನು ಅದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಅತ್ತೆ ನನ್ನ ಕಡೆ ತಿರುಗಿ, "ನೀವು?" ಅಂದರು. "ಅರ್ಧ ದೋಣಿ ನಂದೇ" ಅಂದುಬಿಟ್ಟೆ. ಸುಳ್ಳು ಎಂದು ಕರೆಯಬಾರದು. ಅತಿಶಯೋಕ್ತಿ. ಪರೀಕ್ಷೆಯಲ್ಲಿ ಬರೆದರೆ ಅಂಕ ಕೊಡುತ್ತಾರೆ.

ಮಾರ್ಚ್ ೨೭

ಪರಿಹಾರ ಕೇಳಲು ಧಣಿಯ ಆಫೀಸಿಗೆ ಹೋಗಿದ್ದೆ. ಮಂಜುಗಡ್ಡೆ ಕಾರ್ಖಾನೆಯ ಮೇಲಿನ ಕೋಣೆ. ನೆಲವೂ ತಣ್ಣಗೆ, ಧಣಿಯೂ ತಣ್ಣಗೆ.

"ನೀನು ಪಾಲುದಾರ ಅಲ್ವೇನಯ್ಯಾ? ನಿಮ್ಮತ್ತೇನೇ ಹೇಳಿದ್ರು. ಲಾಭ ಬಂದಾಗ ಪಾಲು ತಗೊಂಡೆ. ನಷ್ಟ ಆದಾಗ ಬೇಡ ಅಂದ್ರೆ ಹೇಗೆ? ದೋಣಿಯ ತಳ ಒಡೆದ್ರೆ ನನ್ನ ನಷ್ಟ. ನಿನ್ನ ಬೆರಳು ಹೋದ್ರೆ ನಿನ್ನ ನಷ್ಟ. ಪಾಲುದಾರಿಕೆ ಅಂದ್ರೆ ಅದೇ."

ನನ್ನ ಅತಿಶಯೋಕ್ತಿಗೆ ಕೊನೆಗೂ ಅಂಕ ಬಂತು.

ಪರಿಹಾರ ಬಂದರೆ ಬಂದರಿನ ಗೇಟಿನ ಪಕ್ಕ ಹಗ್ಗ, ಬಲೆ ಮಾರುವ ಒಂದು ಗೂಡಂಗಡಿ. ಬರದಿದ್ದರೆ ಹೆಂಡತಿಗೆ ಶೆಡ್ಡಿನಲ್ಲಿ ಎರಡೂ ಪಾಳಿ, ಮಗಳ ಓದು ಇಲ್ಲಿಗೇ ನಿಂತಿತು. ಈ ಕೈಯನ್ನು ಯಾವ ದೋಣಿಯೂ ಹತ್ತಿಸಿಕೊಳ್ಳುವುದಿಲ್ಲ.

ಏಪ್ರಿಲ್ ೨

ಕಾರ್ಮಿಕರ ಸಂಘದ ವಕೀಲೆಯನ್ನು ಕಂಡೆ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಆಫೀಸು. ಚಿಕ್ಕ ವಯಸ್ಸು, ದೊಡ್ಡ ಚೀಲ, ಪ್ರಶ್ನೆ ಕೇಳುವಾಗ ತಲೆ ಎತ್ತುವುದಿಲ್ಲ.

"ದೋಣಿ ಯಾವಾಗ ಹೊರಡಬೇಕು ಅಂತ ಯಾರು ಹೇಳ್ತಾರೆ?"

"ಧಣಿ."

"ಯಾರನ್ನ ಇಟ್ಕೋಬೇಕು, ಯಾರನ್ನ ಬಿಡಿಸಬೇಕು?"

"ಧಣಿ."

"ಕಳೆದ ಸಲ ದೋಣಿಗೆ ಬಣ್ಣ ಹೊಡೆಸಿದಾಗ ಯಾವ ಬಣ್ಣ ಅಂತ ನಿಮ್ಮನ್ನ ಕೇಳಿದ್ರಾ?"

"ಇಲ್ಲ. ಹೊಡಿ ಅಂದ್ರು. ಹೊಡೆದೆ."

"ಅಲ್ಲಿಗೆ ನೀವು ಕೂಲಿ."

"ಮೇಡಂ, ಕಾರ್ಮಿಕ ಅನ್ನಬಹುದಾ?"

ಆಗ ತಲೆ ಎತ್ತಿದಳು. "ಅನ್ನಿ. ಏನಾದ್ರೂ ಅನ್ನಿ. ಆದ್ರೆ ವಿಚಾರಣೆ ದಿನ ಅಧಿಕಾರಿಗೆ ಕೇಳೋ ಹಾಗೆ ಜೋರಾಗಿ ಅನ್ನಿ. ನೀವು ಪಾಲುದಾರ ಅಂತ ಆದ್ರೆ ಒಂದು ಬಿಡಿಗಾಸೂ ಬರಲ್ಲ."

ಇನ್ನೊಂದು ಮಾತು ಹೇಳಿದಳು. ನಮ್ಮಲ್ಲೊಂದು ಪದ್ಧತಿ ಇದೆ. ದೋಣಿಯವನೊಬ್ಬ ಗಾಯವಾಗಿ ಮಲಗಿದರೆ, ಅವನು ಎದ್ದು ಬರುವವರೆಗೂ ದೋಣಿ ದಡಕ್ಕೆ ಬಂದ ಪ್ರತಿ ಸಲ ಅವನ ಪಾಲಿನ ಒಂದು ಬುಟ್ಟಿ ಮೀನು ಮನೆಗೆ ಬರುತ್ತದೆ. ಅದನ್ನು ತೆಗೆದುಕೊಳ್ಳಬೇಡಿ ಅಂದಳು. ಕೆಲಸ ಮಾಡದೆಯೂ ಪಾಲು ಬಂತು ಅಂದರೆ ಪಾಲುದಾರನೇ ಎಂದು ವಾದಿಸುತ್ತಾರಂತೆ.

ಕೊನೆಯಲ್ಲಿ ಕೇಳಿದಳು, "ಅರ್ಧ ದೋಣಿ ನಂದು, ನಾನೂ ಮಾಲೀಕ, ಹಾಗೆ ಹೀಗೆ ಅಂತ ಯಾರ ಹತ್ರಾನಾದ್ರೂ ಹೇಳ್ಕೊಂಡಿದ್ದೀರಾ? ನಿಮ್ಮೋರಿಗೆ ಆ ಚಟ ಇರತ್ತೆ."

"ಛೆ ಛೆ" ಅಂದೆ.

ಏಪ್ರಿಲ್ ೫

ಬುಟ್ಟಿ ವಾಪಸ್ಸು ಕಳಿಸಿದೆವು. ತಂದವನು ಚುಕ್ಕಾಣಿ ಹಿಡಿಯುವವನು. ಅವನಿಗೆ ಕಹಳೆ ಎಂದು ಅಡ್ಡಹೆಸರು. ಗುಟ್ಟು ಹೇಳಿದರೂ ಬಂದರಿಗೆಲ್ಲ ಕೇಳಿಸುತ್ತದೆ. ಪುಣ್ಯಕ್ಕೆ ಅತ್ತೆ ಬೇಕರಿ ಮಗಳ ಮನೆಗೆ ಹೋಗಿದ್ದರು.

"ಯಾಕಮ್ಮಾ, ನಮ್ಮ ಮೀನು ನಾರ್ತದಾ?"

"ಹಾಗಲ್ಲ ಅಣ್ಣಾ" ಅಂದಳು ಹೆಂಡತಿ. "ತಗೊಂಡ್ರೆ ಇವರನ್ನ ಪಾಲುದಾರ ಅಂತಾರಂತೆ. ಪರಿಹಾರ ಸಿಗಲ್ಲ. ಕೂಲಿಯೋರು ಅಂತ ತೋರಿಸ್ಬೇಕಂತೆ."

"ಕೂಲಿ?" ಎದುರು ಮನೆಯ ಕಿಟಕಿ ತೆರೆಯಿತು. "ಯಾವನಿಗೆ ಕೂಲಿ ಅಂದಿದ್ದು? ಲೋ ಡಿಗ್ರಿ, ಹೊರಗೆ ಬಾರೋ! ಇಷ್ಟು ವರ್ಷ ಚುಕ್ಕಾಣಿ ಹಿಡಿದಿದ್ದೀನಿ, ನನ್ನ ಬೀಗರ ಮುಂದೆ ಒಂದು ದಿನ ತಲೆ ತಗ್ಗಿಸಿಲ್ಲ. ನಾವೆಲ್ಲ ಪಾಲುದಾರರು ಕಣೋ! ನೀನು ಕೂಲಿ ಆದ್ರೆ ನಾನು ಏನಾದೆ?"

ಬುಟ್ಟಿ ಹೊತ್ತುಕೊಂಡು ಹೋದ. ಬೀದಿ ತುಂಬ ನೀರು ತೊಟ್ಟಿಕ್ಕುತ್ತಿತ್ತು. ಅವನ ಮಾತು ಕೇಳುತ್ತಿದ್ದರೆ ಅತ್ತೆಯ ಎದುರು ನಾನು ಮಾತಾಡುವುದನ್ನೇ ಕೇಳಿದ ಹಾಗಿತ್ತು. ನನ್ನ ಭಾಷೆ ಮಾತ್ರ ಇನ್ನೂ ಸ್ವಲ್ಪ ಶುದ್ಧ.

ಏಪ್ರಿಲ್ ೧೦

ವಕೀಲೆ ಹಾಕಿದ ಪರಿಹಾರದ ಅರ್ಜಿಯ ವಿಚಾರಣೆಗೆ ಅತ್ತೆಗೆ ಸಮನ್ಸ್ ಬಂದಿದೆ. ಧಣಿಯ ಕಡೆಯ ಸಾಕ್ಷಿ.

ಅವರು "ಸಾಕ್ಷಿ" ಅನ್ನುವುದನ್ನೂ ತಮ್ಮ ಹೆಸರನ್ನೂ ಓದಿದರು, "ಧಣಿಯ ಕಡೆಯ" ಅನ್ನುವುದನ್ನು ಓದಲಿಲ್ಲ. "ನೋಡಿ ಅಳಿಯಂದ್ರೇ, ನಿಮ್ಮ ಪಾಲುದಾರರು ಎಷ್ಟು ಮರ್ಯಾದಸ್ಥರು! ಮನೆಯ ಹಿರಿಯರು ಅಂತ ನನ್ನನ್ನೇ ಕರೆಸ್ತಿದ್ದಾರೆ. ನಾನು ಬಂದು ನೀವು ಯಾರು ಅಂತ ಹೇಳಿದ್ರೆ ಅಧಿಕಾರಿಗಳು ತಟ್ಟನೆ ಕೊಟ್ಟುಬಿಡ್ತಾರೆ." ಕಪಾಟಿನಿಂದ ನೀಲಿ ಸೀರೆ ತೆಗೆದು ಇಸ್ತ್ರಿಗೆ ಇಟ್ಟರು.

ಅಡುಗೆಮನೆಯಲ್ಲಿ ಹೆಂಡತಿ ನನ್ನನ್ನು ಮೂಲೆಗೆ ಒತ್ತಿದಳು. "ಇವತ್ತೇ ಹೇಳಿ."

"ಇವತ್ತು ಅವರು ಖುಷಿಯಾಗಿದ್ದಾರೆ ಕಣೇ."

"ಅಳ್ತಾ ಕೂತಾಗ ಹೇಳ್ತೀರಾ?"

"ನೀನೇ ಹೇಳು. ನಿನ್ನ ಅಮ್ಮ."

"ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೇ ದೊಡ್ಡ ಉಪಕಾರ. ನೀವು ಹಾಕಿದ ಗಂಟು, ನೀವೇ ಬಿಚ್ಚಿ ರೀ. ಆಸ್ಪತ್ರೇಲಿ ಬಿಚ್ಚಿದ್ದು ನಾನು ನೋಡಿಲ್ಲ ಅಂದ್ಕೋಬೇಡಿ."

ಕೈಹಿಡಿದವಳ ಕಣ್ಣಿಗೆ ಕೈಚಳಕ ನಡೆಯುವುದಿಲ್ಲ.

ಏಪ್ರಿಲ್ ೧೧

ಹೇಳಲಿಲ್ಲ.

ಏಪ್ರಿಲ್ ೧೩

ಅತ್ತೆಗೆ ತಲೆನೋವು. ಹೇಳಲಾಗಲಿಲ್ಲ. ತಲೆನೋವಿಗೆ ನಾನು ಕೃತಜ್ಞ.

ಏಪ್ರಿಲ್ ೧೬

ಎಡಗೈಯ ಉಗುರು ಕತ್ತರಿಸಬೇಕಾದರೆ ಬಲಗೈ ಬೇಕು. ಈ ಸೂಕ್ಷ್ಮ ಯಾವ ವೈದ್ಯರಿಗೂ ಹೊಳೆದಿರಲಿಲ್ಲ. ಅತ್ತೆಗೆ ಹೊಳೆದಿದೆ. ಹಿತ್ತಲಿನ ಮೆಟ್ಟಿಲ ಮೇಲೆ ಕೂರಿಸಿ ಒಂದೊಂದೇ ಬೆರಳು ಹಿಡಿದು ಕತ್ತರಿಸಿದರು. ಆಮೇಲೆ ಹೇಳದೆಯೇ ಬಲಗೈಯನ್ನೂ ಎಳೆದುಕೊಂಡು, ಇಲ್ಲದ ಬೆರಳುಗಳ ಬುಡಕ್ಕೆ ಎಣ್ಣೆ ತಿಕ್ಕಿದರು. ರಾತ್ರಿ ಹೊತ್ತು ಅಲ್ಲಿ ಸೆಳೆಯುತ್ತದೆ ಎಂದು ನಾನು ಯಾರಿಗೂ ಹೇಳಿರಲಿಲ್ಲ.

"ಅತ್ತೆ, ಒಂದು ಮಾತು" ಅಂದೆ.

"ಹೇಳಿ."

"ಎಣ್ಣೆ ಸ್ವಲ್ಪ ಜಾಸ್ತಿ ಆಯ್ತು."

ಒರೆಸಿದರು.

ಏಪ್ರಿಲ್ ೨೩

ನಾಳೆ ವಿಚಾರಣೆ. ಭಾಷಣ ಸಿದ್ಧ. ನಾಲ್ಕು ಉಪಮೆ, ಎರಡು ಶ್ಲೇಷೆ, ಕೊನೆಗೆ ಸ್ವಲ್ಪ ಗದ್ಗದ. ಅತ್ತೆಗೆ ಬಸ್ಸಿನಲ್ಲಿ ಹೇಳುತ್ತೇನೆ. ಬಸ್ಸಿನಲ್ಲಿ ಖಂಡಿತ.

ಏಪ್ರಿಲ್ ೨೪

ಬಸ್ಸಿನಲ್ಲಿ ಅವರಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ನನಗೆ ಸೀಟು ಸಿಗಲಿಲ್ಲ. ಹೇಳಲಿಲ್ಲ.

ಪರಿಹಾರ ಕಚೇರಿ ಉದ್ದನೆಯ ಕೋಣೆ. ಗೋಡೆಗೆ ಒತ್ತಿದ ಪ್ಲಾಸ್ಟಿಕ್ ಕುರ್ಚಿಗಳು, ಕುಡಿಯುವ ನೀರಿನ ಪಕ್ಕ ಸರಪಳಿ ಹಾಕಿದ ಲೋಟ. (ಗಂಟಿಗಿಂತ ಸರಪಳಿ ಮೇಲು.) ಒಂದು ಕಡೆ ಧಣಿ, ಅವರ ವಕೀಲ. ಹಿಂದಿನ ಸಾಲಿನಲ್ಲಿ ಇಡೀ ದೋಣಿ. ಕಹಳೆ ಒಗೆದ ಅಂಗಿ ಹಾಕಿ ಕೂತಿದ್ದ. ತಾವೆಲ್ಲ ಪಾಲುದಾರರು ಎಂದು ಹೇಳಲು ಧಣಿ ಅವರನ್ನು ಕರೆತಂದಿದ್ದರು. ಕಹಳೆ ನನ್ನ ಮುಖ ನೋಡಲಿಲ್ಲ.

ಮೊದಲು ಅತ್ತೆ. ನೀಲಿ ಸೀರೆ, ನೆಟ್ಟಗೆ ಕೂತರು.

"ನಿಮ್ಮ ಅಳಿಯ ಏನು ಕೆಲಸ ಮಾಡ್ತಾರೆ?" ಧಣಿಯ ವಕೀಲ ಕೇಳಿದ.

"ದೋಣಿ ಇಟ್ಟಿದ್ದಾರೆ. ಇವರ ಜೊತೆ ಅರ್ಧ ಪಾಲು."

"ಯಾರು ಹೇಳಿದ್ದು?"

"ಅವರೇ. ಮದುವೆ ಮಾತಿನ ದಿನದಿಂದ." ಆಮೇಲೆ ಅಧಿಕಾರಿಯ ಕಡೆ ತಿರುಗಿ, "ಇನ್ನೊಂದು ಮಾತು ಬರ್ಕೊಳ್ಳಿ ಸಾರ್. ನಮ್ಮ ಅಳಿಯಂದ್ರು ತಮಾಷೆ ಮಾಡ್ತಾರೆ. ಆದ್ರೆ ಸುಳ್ಳು ಹೇಳಿದವರಲ್ಲ" ಅಂದರು.

ನನ್ನ ವಕೀಲೆ ನಿಧಾನವಾಗಿ ನನ್ನ ಕಡೆ ತಿರುಗಿದಳು. "ಛೆ ಛೆ ಅಂದಿದ್ರಲ್ಲ?" ಅಂದಳು, ತುಟಿ ಅಲುಗಿಸದೆ.

ನನ್ನ ಸರದಿ. ಅಧಿಕಾರಿ ಪೆನ್ನು ಕೆಳಗಿಟ್ಟರು. "ನೋಡ್ರಿ, ಆಗ ಅವರಿಗೆ ಹೇಳಿದ್ದು ಸುಳ್ಳೋ, ಈಗ ಅರ್ಜೀಲಿ ಬರೆದಿದ್ದು ಸುಳ್ಳೋ?"

ಭಾಷಣ ಎಲ್ಲಿ ಹೋಯಿತೋ. ನಾಲ್ಕು ಉಪಮೆಗಳಲ್ಲಿ ಒಂದೂ ಬರಲಿಲ್ಲ. ಅತ್ತೆ ನನ್ನನ್ನೇ ನೋಡುತ್ತಿದ್ದರು, ಕೊನೆಯ ಗುಂಡಿ ಹಾಕುವಾಗ ನೋಡುವ ಹಾಗೆ.

"ಆಗಿನದು ಸಾರ್" ಅಂದೆ.

"ಅದನ್ನ ನಾನು ಹೇಗೆ ನಂಬಲಿ?"

ಆಗ ಹೇಳಿದೆ. ದೋಣಿಗೆ ಬಣ್ಣ ಹೊಡಿ ಅಂದರು, ಹೊಡೆದೆ. ಸಮುದ್ರಕ್ಕೆ ಹೋಗದ ದಿನ ಧಣಿಯ ಕಾರು ತೊಳೆಯುತ್ತೇನೆ. ಅವರ ಮಗಳು ಹೊಸ ಫ್ಲಾಟಿಗೆ ಹೋದಾಗ ಸೋಫಾ ಹೊತ್ತು ಮೂರನೇ ಮಹಡಿಗೆ ಹತ್ತಿಸಿದೆ, ಆಮೇಲೆ ಅಲ್ಲಿ ಕೂರಬೇಡ, ಮೀನಿನ ವಾಸನೆ ಹತ್ತುತ್ತೆ ಅಂದರು, ಮೆಟ್ಟಿಲ ಮೇಲೆ ಕೂತೆ. ಒಂದು ಸಲ ಬಲೆ ಹರಿದದ್ದಕ್ಕೆ ಎಲ್ಲರೆದುರು ಕೆನ್ನೆಗೆ ಹೊಡೆದಿದ್ದಾರೆ. ಮರುದಿನ ಕೆಲಸಕ್ಕೆ ಹೋದೆ.

"ಬೆರಳು?"

"ವಿಂಚಿನ ಡ್ರಮ್ಮಿನ ಮೇಲೆ ಹಗ್ಗ ಒಂದೇ ಕಡೆ ಗುಡ್ಡೆ ಬೀಳತ್ತೆ ಸಾರ್. ಪಕ್ಕಕ್ಕೆ ತಳ್ಳೋಕೆ ಕಬ್ಬಿಣದ ಸಲಾಕೆ ಇರ್ಬೇಕು. ನಮ್ಮದು ಸಮುದ್ರಕ್ಕೆ ಬಿದ್ದೋಗಿತ್ತು. ಧಣಿ ಹತ್ರ ಹೊಸದು ಕೇಳಿದೆ. 'ಕೈ ಇಲ್ವೇನಯ್ಯಾ?' ಅಂದ್ರು. ಆಗ ಇತ್ತು. ಕೈಯಲ್ಲೇ ತಳ್ಳಿದೆ."

ಅಧಿಕಾರಿ ಪೆನ್ನು ಎತ್ತಿಕೊಂಡು ಬರೆದುಕೊಂಡರು.

"ಪಾಲುದಾರ ಆಗಿದ್ರೆ ಕೇಳೋದು ಯಾಕೆ ಸಾರ್, ನಾನೇ ತಗೊಂಡು ಬರ್ತಿದ್ದೆ."

ಧಣಿಯ ವಕೀಲ ಎದ್ದ. "ಗಾಯ ಆದ ಮೇಲೂ ಇವರ ಮನೆಗೆ ಪಾಲಿನ ಮೀನು ಹೋಗಿದೆ. ಕೂಲಿಗೆ ಯಾರಾದ್ರೂ ಹಾಗೆ ಕಳಿಸ್ತಾರಾ?"

"ಅದು ನಮ್ಮ ಪಾಲಿಂದ ತೆಗೆದಿದ್ದು!" ಹಿಂದಿನ ಸಾಲಿನಿಂದ ಕಹಳೆ ಊದಿತು. ಕಿಟಕಿಯ ಗಾಜು ಅಲ್ಲಾಡಿತು. "ಧಣಿ ಪಾಲಿಂದ ಒಂದು ಬಾಲ ಬಂದಿಲ್ಲ! ಸಲಾಕೆ ಕೇಳಿದಾಗ ನಾನೂ ಅಲ್ಲೇ ಇದ್ದೆ! ಆ ಹೊಡೆತ ನಾನೂ ತಿಂದಿದ್ದೀನಿ!"

"ನೀವು ಯಾರು?" ಅಧಿಕಾರಿ ಕೇಳಿದರು.

"ಚುಕ್ಕಾಣಿ ಹಿಡಿಯೋ..." ಅಂದ. ನಿಂತ. ಧಣಿಯನ್ನು ನೋಡಿದ, ನನ್ನ ಕೈಯನ್ನು ನೋಡಿದ. "ಕೂಲಿ" ಅಂದ.

ಅವನು ಪಿಸುಗುಟ್ಟಿದ್ದನ್ನು ನಾನು ಕೇಳಿದ್ದು ಇದೇ ಮೊದಲು.

ಒಟ್ಟಿನಲ್ಲಿ ನಾನು ಚೆನ್ನಾಗಿಯೇ ಮಾತಾಡಿದೆ ಅನ್ನಬೇಕು. ಧ್ವನಿ ನಡುಗಲಿಲ್ಲ. ಮರ್ಯಾದೆ ಕಳೆದುಕೊಳ್ಳುವುದರಲ್ಲೂ ಒಂದು ಶೈಲಿ ಬೇಕು.

ಬಸ್ಸಿನಲ್ಲಿ ಅತ್ತೆ ಬೇರೆ ಸೀಟಿನಲ್ಲಿ ಕೂತರು. ಮನೆಗೆ ಬಂದು ಚಪ್ಪಲಿ ಬಿಡುತ್ತಾ ಕೇಳಿದರು, "ಆ ಮನೆಗೆ ಲಿಫ್ಟ್ ಇರ್ಲಿಲ್ವಾ?"

"ಇತ್ತು ಅತ್ತೆ. ಅದ್ರೊಳಗೆ ಸೋಫಾ ಹಿಡಿಸಲಿಲ್ಲ."

ಒಳಗೆ ಹೋದರು.

ಏಪ್ರಿಲ್ ೨೫

ಗುಂಡಿ ಹಾಕಿದರು. "ಕತ್ತೆತ್ತಿ" ಅನ್ನಲಿಲ್ಲ. ನಾನೇ ಎತ್ತಿದೆ.

ಏಪ್ರಿಲ್ ೩೦

ಅತ್ತೆಯ ಸಿಟ್ಟು ಗಟ್ಟಿಯಾಗಿದೆ. ನನ್ನ ಅಂಗಿಗಳನ್ನೆಲ್ಲ ಹರವಿಕೊಂಡು ಕೂತು, ಗುಂಡಿಗಳನ್ನು ಕಿತ್ತು, ಒತ್ತಿದರೆ ಕೂರುವ ಟಿಚ್ ಬಟನ್ ಹೊಲಿದಿದ್ದಾರೆ. ಒಂದಲ್ಲ, ಎಲ್ಲ ಅಂಗಿಗೂ. ಇನ್ನು ನಾನೇ ಹಾಕಿಕೊಳ್ಳಬಹುದು. ಅಂದರೆ ಸುಳ್ಳುಗಾರನ ಎದುರು ಬೆಳಬೆಳಿಗ್ಗೆ ನಿಲ್ಲುವ ಕೆಲಸಕ್ಕೆ ರಾಜೀನಾಮೆ. ಇರಲಿ. ನನಗೇನು, ಅನುಕೂಲವೇ ಆಯಿತು.

ಬೆಳಿಗ್ಗೆ ಅಂಗಿ ತೊಟ್ಟು ಅಡುಗೆಮನೆ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ಯಾಕೆ ನಿಂತೆನೋ ಗೊತ್ತಿಲ್ಲ. ಟೀ ಕುದಿಯುತ್ತಿತ್ತು.

ಮೇ ೮

ಅತ್ತೆ ನನ್ನ ಜೊತೆ ಮಾತಾಡುವುದೆಲ್ಲ ಈಗ ಮಗಳ ಮೂಲಕ. "ನಿಮ್ಮಪ್ಪಂಗೆ ಊಟಕ್ಕೆ ಬರೋಕೆ ಹೇಳು." ನಾನು ಎರಡು ಮಾರು ದೂರದಲ್ಲಿರುತ್ತೇನೆ. ಮಗಳು ಕೈಯನ್ನು ನನ್ನ ಹಾಗೆ ಮಡಚಿ ಕಿವಿಗೆ ಹಿಡಿದು, "ಹಲೋ ಅಪ್ಪಾ, ಅಜ್ಜಿ ಲೈನಲ್ಲಿದ್ದಾರೆ" ಅನ್ನುತ್ತಾಳೆ. ಅತ್ತೆ ನಗು ಬಂದು ಆ ಕಡೆ ತಿರುಗಿದ ಹಾಗೆ ಕಂಡಿತು. ಬಹುಶಃ ಕೆಮ್ಮು.

ಮೇ ೨೦

ಆದೇಶ ಬಂತು. "ಅರ್ಜಿದಾರನು ಕಾರ್ಮಿಕನೆಂಬುದು ಸಾಬೀತಾಗಿದೆ." ಬಿ.ಎ. ಆದ ಮೇಲೆ ನಾನು ಪಾಸಾದ ಮೊದಲ ಪರೀಕ್ಷೆ. ಕೇಳಿದಷ್ಟು ಕೊಟ್ಟಿಲ್ಲ. ಆದರೆ ಗೂಡಂಗಡಿಗೆ ಸಾಕು, ಮಗಳ ಕಾಲೇಜಿಗೂ ದಾರಿಯಾಯಿತು. ಧಣಿ ಮೇಲ್ಮನವಿ ಹಾಕುವುದಿಲ್ಲವಂತೆ. ಇಡೀ ದೋಣಿ ಸಂಘಕ್ಕೆ ಸೇರಿದೆ, ಆ ಅಂಜಿಕೆ. ವಿಂಚಿನ ಪಕ್ಕ ಹೊಸ ಸಲಾಕೆ ಬಂದಿದೆ ಎಂದು ಕಹಳೆ ಕಚೇರಿಯ ಗೇಟಿನಿಂದಲೇ ಕೂಗಿ ಹೇಳಿದ. ಮೂರು ಬೆರಳಿಗೆ ಒಂದು ಸಲಾಕೆ. ಚೌಕಾಸಿಯಲ್ಲಿ ಧಣಿ ಯಾವಾಗಲೂ ಮುಂದೆ.

ಹೆಂಡತಿಗೆ ರಜೆ ಸಿಗದ್ದರಿಂದ ಆದೇಶ ತರಲು ನನ್ನ ಜೊತೆ ಬಂದದ್ದು ಅತ್ತೆ. "ನಾನು ಹೋಗ್ತೀನಿ" ಎಂದು ಮಗಳಿಗೆ ಹೇಳಿದರು, ನನಗಲ್ಲ. ಕಚೇರಿಯಲ್ಲಿ ಗುಮಾಸ್ತ ಆದೇಶವನ್ನು ಗಟ್ಟಿಯಾಗಿ ಓದಿದ. ಕಾರು ತೊಳೆದದ್ದು, ಸೋಫಾ, ಕೆನ್ನೆಯ ಹೊಡೆತ, ಎಲ್ಲ ಒಂದರ ಕೆಳಗೊಂದು ಸರ್ಕಾರಿ ಭಾಷೆಯಲ್ಲಿ. ಅವರು ಕೊನೆಯವರೆಗೂ ನಿಂತೇ ಕೇಳಿದರು.

ಇಲ್ಲಿ ಒಂದು ವಿಷಯ ದಾಖಲಾಗಬೇಕು. ನನ್ನ ಬಡಾಯಿ ರೋಗ ಬೇರುಸಮೇತ ವಾಸಿಯಾಗಿದೆ. ಎಲ್ಲರ ಮುಂದೆ ಬೆತ್ತಲಾದವನಿಗೆ ಬಟ್ಟೆಯ ಚಿಂತೆ ಏಕೆ? ಇನ್ನು ಮೇಲೆ ಯಾರು ಕೇಳಿದರೂ ನಾನು ಕೂಲಿ ಎಂದು ಎದೆ ತಟ್ಟಿ ಹೇಳಬಲ್ಲೆ. ಇದನ್ನು ಬರೆದು, ಕೆಳಗೆ ಎರಡು ಗೆರೆ ಎಳೆದು, ದಿನಚರಿ ಮುಗಿಸಬೇಕೆಂದು ಕಚೇರಿಯ ಮೆಟ್ಟಿಲಿಳಿಯುವಾಗಲೇ ನಿರ್ಧರಿಸಿದ್ದೆ.

ಆದರೆ ಮನೆಗೆ ಬಸ್ಸಿನಲ್ಲಿ ಬರಬೇಕಿತ್ತು.

ಮೂವರು ಕೂರುವ ಸೀಟು. ಕಿಟಕಿಗೆ ಅತ್ತೆ, ನಡುವೆ ನಾನು, ಈ ಕಡೆ ಮಡಿಲಲ್ಲಿ ಮೇಜಿನ ಫ್ಯಾನು ಇಟ್ಟುಕೊಂಡ ಒಬ್ಬಾತ. ಸ್ವಲ್ಪ ದೂರ ಹೋದ ಮೇಲೆ ಆತ ನನ್ನ ಕೈ ನೋಡಿ, "ಅಯ್ಯೋ, ಏನಾಯ್ತು ಸಾರ್?" ಅಂದ. ಸಾರ್ ಅಂದದ್ದೇ ತಪ್ಪಾಯಿತು.

"ನಮ್ದೇ ದೋಣಿ. ಕೆಲಸದೋರು ಸರಿಯಾಗಿ ಮಾಡಲ್ಲ ಅಂತ ನಾನೇ ಕೈ ಹಾಕಿದೆ" ಅಂದೆ.

ಬಾಯಿಂದ ಹೊರಬಿದ್ದ ಮೇಲೆ ಕೇಳಿಸಿಕೊಂಡೆ. ಆದೇಶದ ಕಾಗದ ಇನ್ನೂ ನನ್ನ ಜೇಬಿನಲ್ಲಿ ಬೆಚ್ಚಗಿತ್ತು. ಕಿಟಕಿಯ ಕಡೆ ತಿರುಗುವ ಧೈರ್ಯವಾಗಲಿಲ್ಲ.

ಆತ ನನ್ನನ್ನು ದಾಟಿ ಬಗ್ಗಿ, "ಹೌದೇನಮ್ಮಾ, ಸ್ವಂತ ದೋಣಿನಾ?" ಎಂದು ಅತ್ತೆಯನ್ನು ಕೇಳಿದ.

ಅತ್ತೆ ಹೊರಗೆ ನೋಡುತ್ತಲೇ ಇದ್ದರು. ವಿಚಾರಣೆಯ ಮರುದಿನದಿಂದ ಮಗಳ ಮೂಲಕವಲ್ಲದೆ ನನ್ನ ವಿಷಯ ಒಂದು ಮಾತೂ ಆಡದಿದ್ದವರು, ಸೆರಗು ಸರಿಮಾಡಿಕೊಂಡು, "ಅದು ದೊಡ್ಡದು" ಅಂದರು. "ಚಿಕ್ಕದು ಇನ್ನೊಂದಿದೆ."

ಅಷ್ಟಕ್ಕೆ ನಾನು ಸುಮ್ಮನಿರಬೇಕಿತ್ತು. ಆತ, "ನನ್ನ ಭಾವಮೈದುನಂಗೆ ಒಂದು ಕೆಲಸ ಬೇಕಿತ್ತು, ನಿಮ್ಮಂಥೋರು ಮನಸ್ಸು ಮಾಡಿದ್ರೆ..." ಅಂದ. "ಪಾಲಿನ ಲೆಕ್ಕ ನಮ್ಮಲ್ಲಿಲ್ಲ. ತಿಂಗಳ ಸಂಬಳ, ಬರವಣಿಗೇಲಿ. ವಿಮೆ ನಮ್ಮದೇ" ಅಂದೆ. ಅತ್ತೆ, "ಕೈಗೆ ಗ್ಲೌಸೂ ಕೊಡ್ತಾರೆ" ಎಂದು ಸೇರಿಸಿದರು. ಆತನ ಕಣ್ಣಲ್ಲಿ ನೀರು ಬಂತು. ಅಂಥ ಧಣಿಯನ್ನು ಅವನು ಕಂಡಿರಲಿಲ್ಲ. ನಾನೂ ಕಂಡಿಲ್ಲ.

ಇಳಿಯುವಾಗ ಫೋನ್ ನಂಬರು ಕೇಳಿದ. ಸುಳ್ಳು ಹೇಳಿ ಅಭ್ಯಾಸವಿದ್ದವನು ಅಲ್ಲಾದರೂ ಒಂದು ಸುಳ್ಳು ನಂಬರು ಕೊಡಬಹುದಿತ್ತು. ಕೊಟ್ಟದ್ದು ಸರಿಯಾದ ನಂಬರು. ಇದನ್ನು ಬರೆಯುತ್ತಿರುವಾಗ ಆ ಭಾವಮೈದುನ ಎರಡನೆಯ ಸಲ ಫೋನ್ ಮಾಡುತ್ತಿದ್ದಾನೆ, ಮತ್ತು ಎತ್ತಿ ಏನು ಹೇಳಬೇಕೆಂದು ಅಳಿಯನೂ ಅತ್ತೆಯೂ ಅಡುಗೆಮನೆಯಲ್ಲಿ ತಲೆಗೆ ತಲೆ ಕೊಟ್ಟು ಯೋಚಿಸುತ್ತಿದ್ದೇವೆ.